ಚಕಮಕಿ, ಕೇಪು, ಇನ್‌ಲೈನ್: ಅಮೆರಿಕದ ಜಿಂಕೆ ಬೇಟೆಗೆ ಯಾವ ಮಝಲ್‌ಲೋಡರ್?

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಬಿಲ್ಲಿನ ಅವಧಿ, ಸಾಮಾನ್ಯ ರೈಫಲ್ ಅಥವಾ ಶಾಟ್‌ಗನ್ನಿನ ಅವಧಿ ಎಂದು ಇರುವಂತೆಯೇ, ನಳಿಗೆಯ ಬಾಯಿಯಿಂದ ಮದ್ದು ಮತ್ತು ಗುಂಡು ತುಂಬುವ ಕೋವಿಗೆಂದೇ ಮೀಸಲಾದ ದಿನಗಳೂ ಇವೆ. ಈ ಬಗೆಯ ಕೋವಿಗೆ ಅಲ್ಲಿ ಮಝಲ್‌ಲೋಡರ್ ಎನ್ನುತ್ತಾರೆ. ಕಾಡಿನಲ್ಲಿ ಜನಸಂದಣಿ ಕಡಿಮೆಯಿರುವ ಆ ದಿನಗಳ ಆಸೆಗೆ ಕೋವಿ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೂರು ಬಗೆಗಳನ್ನು ತೋರಿಸಿ, ಎಷ್ಟು ದೂರ ಹೊಡೆಯಬೇಕು, ಎಷ್ಟು ಹಣವಿದೆ ಎಂಬ ಎರಡೇ ಪ್ರಶ್ನೆ ಕೇಳುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಆ ಎರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ಈ ಕೋವಿಯಲ್ಲಿ ಕಿಡಿ ಹುಟ್ಟುವ ಬಗೆ, ಮದ್ದಿನ ಜಾತಿ, ಗುಂಡಿನ ಆಕಾರ ಮತ್ತು ನಳಿಗೆಯೊಳಗಿನ ಸುರುಳಿಗೆರೆಯ ತಿರುವು ಎಂಬ ನಾಲ್ಕು ಸಂಗತಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಒಂದನ್ನು ಆರಿಸಿದ ಕೂಡಲೇ ಉಳಿದ ಮೂರರ ಆಯ್ಕೆ ಕಿರಿದಾಗುತ್ತದೆ. ಆದ್ದರಿಂದ ಕೋವಿಯೊಂದನ್ನೇ ನೋಡದೆ, ಈ ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಂಡು ತೀರ್ಮಾನಿಸುವುದು ಒಳ್ಳೆಯದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಲೆನಾಡು ಮತ್ತು ಕೊಡಗಿನ ಓದುಗರಿಗೆ ಕೇಪಿನ ಕೋವಿ ಹೊಸದಲ್ಲ. ಬೆಳೆ ರಕ್ಷಣೆಯ ಪರವಾನಗಿಯಲ್ಲಿ ಅದು ಇಂದಿಗೂ ತೋಟದ ಮನೆಗಳಲ್ಲಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಜಿಂಕೆಯ ಬೇಟೆ ಅಪರಾಧ. ಇಲ್ಲಿ ಹೇಳುತ್ತಿರುವುದೆಲ್ಲ ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು ಬೇಟೆಗೆ ಹೋಗುವವರಿಗೆ ಮಾತ್ರ.

ಮೊದಲು ನಿಯಮದ ಪುಸ್ತಿಕೆ

ಪ್ರತಿ ರಾಜ್ಯದ ವನ್ಯಜೀವಿ ಇಲಾಖೆ ವರ್ಷಕ್ಕೊಮ್ಮೆ ಬೇಟೆಯ ನಿಯಮಗಳ ಪುಸ್ತಿಕೆಯನ್ನು ಪ್ರಕಟಿಸುತ್ತದೆ. ಕೋವಿಯ ಅಂಗಡಿಗೆ ಹೋಗುವ ಮೊದಲು ಅದರ ಮಝಲ್‌ಲೋಡರ್ ಭಾಗವನ್ನು ಸಾಲು ಬಿಡದೆ ಓದಬೇಕು, ಏಕೆಂದರೆ ಒಂದು ರಾಜ್ಯದಲ್ಲಿ ಒಪ್ಪಿತವಾದದ್ದು ಪಕ್ಕದ ರಾಜ್ಯದಲ್ಲಿ ದಂಡಕ್ಕೆ ಕಾರಣವಾಗಬಹುದು.

ಪೆನ್ಸಿಲ್ವೇನಿಯಾವನ್ನು ನೋಡಿ. 1974ರಿಂದ ನಡೆದುಬಂದಿರುವ ಅಲ್ಲಿನ ಚಳಿಗಾಲದ ವಿಶೇಷ ಅವಧಿ ಕ್ರಿಸ್‌ಮಸ್‌ನ ಮರುದಿನಗಳಲ್ಲಿ ಆರಂಭವಾಗುತ್ತದೆ, ಮತ್ತು ಅದರಲ್ಲಿ ಚಕಮಕಿ ಕಲ್ಲಿನಿಂದ ಕಿಡಿ ಹೊಮ್ಮಿಸುವ ಕೋವಿಗೆ ಮಾತ್ರ ಅವಕಾಶ, ಗುರಿ ಹಿಡಿಯುವ ದುರ್ಬೀನಾದ ಸ್ಕೋಪ್ ಹಾಕುವಂತಿಲ್ಲ. ಅದೇ ರಾಜ್ಯದ ಅಕ್ಟೋಬರ್ ಅವಧಿಯಲ್ಲಿ, ಕಿಡಿ ನಳಿಗೆಯ ನೇರ ಹಿಂದೆ ಹುಟ್ಟುವ ಆಧುನಿಕ ಇನ್‌ಲೈನ್ ಕೋವಿಯೂ ನಡೆಯುತ್ತದೆ. ಪಕ್ಕದ ಓಹಾಯೋದಲ್ಲಿ ಜನವರಿಯ ಮಝಲ್‌ಲೋಡರ್ ದಿನಗಳಿಗೆ ಇನ್‌ಲೈನ್ ಮತ್ತು ಸ್ಕೋಪ್ ಎರಡೂ ಸರಿ. ಪಶ್ಚಿಮಕ್ಕೆ ಹೋದರೆ ಬಿಗಿ ಹೆಚ್ಚು. ಕೊಲೊರಾಡೋದ ಮಝಲ್‌ಲೋಡರ್ ಅವಧಿಯಲ್ಲಿ ಸ್ಕೋಪ್, ಗುಳಿಗೆಯಾಗಿ ಒತ್ತಿದ ಮದ್ದು ಮತ್ತು ಗುಂಡಿನ ಸುತ್ತ ಹಾಕುವ ಸ್ಯಾಬೊ ಎಂಬ ಪ್ಲಾಸ್ಟಿಕ್ ಕವಚ, ಈ ಮೂರಕ್ಕೂ ನಿಷೇಧವಿದೆ. ಜಿಂಕೆಗೆ ಕನಿಷ್ಠ 40 ಕ್ಯಾಲಿಬರ್ (ಅಂದರೆ ನಳಿಗೆಯ ಒಳವ್ಯಾಸ ಅಂಗುಲದ ನೂರರಲ್ಲಿ 40 ಭಾಗ), ಎಲ್ಕ್ ಎಂಬ ದೊಡ್ಡ ಜಿಂಕೆಗೆ 50 ಕ್ಯಾಲಿಬರ್ ಬೇಕು. ಐಡಾಹೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಿಡಿಯ ಜಾಗ ಹೊರಗೆ ಕಾಣುವಂತಿರಬೇಕೆಂದೂ, ಶಾಟ್‌ಗನ್ನಿನ ತೋಟಾದಲ್ಲಿ ಕಿಡಿ ಹೊತ್ತಿಸುವ 209 ಪ್ರೈಮರ್ ಕೂಡದೆಂದೂ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವುದೇ ವನ್ಯಪ್ರಾಣಿಯ ಬೇಟೆಗೂ ಸೀಸದ ಗುಂಡು ನಿಷಿದ್ಧ. ಓಹಾಯೋದಲ್ಲಿ ಮೆಚ್ಚಿ ಕೊಂಡ ಕೋವಿ ಮತ್ತು ಅದರ ಸರಂಜಾಮು ಐಡಾಹೋದ ಪ್ರವಾಸಕ್ಕೆ ನಿರುಪಯುಕ್ತವಾಗುವುದು ಹೀಗೆ.

ವೀಸಾದ ಮೇಲೆ ಇರುವ ಕನ್ನಡಿಗರು ಇನ್ನೊಂದು ಕಾನೂನನ್ನು ತಿಳಿದಿರಬೇಕು. ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ರಾಜ್ಯವೊಂದು ನೀಡಿದ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ವಿನಾಯಿತಿ ಸಿಗುತ್ತದೆ. ತೋಟಾ ಹಾಕಲಾಗದ, ಕರಿಮದ್ದಿಗೆಂದೇ ಮಾಡಿದ ಮಝಲ್‌ಲೋಡರ್‌ಗಳನ್ನು ಅದೇ ಕಾನೂನು ಪುರಾತನ ಆಯುಧದ ವರ್ಗಕ್ಕೆ ಸೇರಿಸಿ ಬಂದೂಕಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ಸಾಮಾನ್ಯ ರೈಫಲ್‌ನ ಚೌಕಟ್ಟಿಗೆ ಮಝಲ್‌ಲೋಡರ್ ನಳಿಗೆ ಜೋಡಿಸಿದ ಮಾದರಿಗಳಿಗೆ ಈ ಸಡಿಲಿಕೆ ಇಲ್ಲ. ಜೊತೆಗೆ, ನ್ಯೂಜೆರ್ಸಿ ಮತ್ತು ಇಲಿನಾಯ್‌ನಂತಹ ರಾಜ್ಯಗಳು ತಮ್ಮದೇ ಬಿಗಿಯಾದ ನಿಯಮಗಳನ್ನು ಇಟ್ಟುಕೊಂಡಿವೆ. ಆದ್ದರಿಂದ ಸಡಿಲಿಕೆಯನ್ನು ನೆಚ್ಚಿಕೊಳ್ಳದೆ, ಮೊದಲು ಬೇಟೆಗಾರರ ಸುರಕ್ಷತಾ ತರಗತಿ ಮುಗಿಸಿ, ಪರವಾನಗಿ ಪಡೆದು, ವಲಸೆ ವಕೀಲರನ್ನು ಒಮ್ಮೆ ಕೇಳಿ, ಆಮೇಲೆ ಕೋವಿ ಕೊಳ್ಳುವುದೇ ಸರಿಯಾದ ಕ್ರಮ.

ಕಿಡಿ ಹುಟ್ಟುವ ಮೂರು ಬಗೆ

ಚಕಮಕಿ ಕೋವಿಯಲ್ಲಿ ಟ್ರಿಗರ್ ಎಳೆದಾಗ ಕುದುರೆ ಎಂಬ ಸುತ್ತಿಗೆಯಂತಹ ಭಾಗದ ದವಡೆಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಫಲಕವನ್ನು ಕೆರೆದು ಕೆಳಗಿಳಿಯುತ್ತದೆ; ಕೆರೆತಕ್ಕೆ ಎದ್ದ ಉಕ್ಕಿನ ಪುಡಿ ಕೆಂಡವಾಗಿ ಪಕ್ಕದ ಪುಟ್ಟ ಬಟ್ಟಲಿನ ನಯವಾದ ಮದ್ದಿನ ಮೇಲೆ ಬೀಳುತ್ತದೆ; ಆ ಉರಿ ನಳಿಗೆಯ ಬದಿಯ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ತಲುಪುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲೇ ಆದರೂ, ಮುಖದ ಮುಂದೆಯೇ ಬೆಂಕಿ ಏಳುವುದರಿಂದ ಹೊಸಬರು ಬೆಚ್ಚಿ ಕೋವಿಯನ್ನು ಅಲುಗಿಸಿಬಿಡುತ್ತಾರೆ. ಗುಂಡು ನಳಿಗೆಯನ್ನು ಬಿಟ್ಟುಹೋಗುವವರೆಗೂ ಗುರಿಯ ಮೇಲಿನ ಕಣ್ಣು ಕದಲದಂತೆ ಇರುವುದನ್ನು ಅಭ್ಯಾಸದಿಂದಲೇ ಕಲಿಯಬೇಕು. ಕಲ್ಲಿನ ಅಂಚು ಮೊಂಡಾಗಿದ್ದರೆ, ಬಟ್ಟಲಿನ ಮದ್ದು ಇಬ್ಬನಿ ಕುಡಿದಿದ್ದರೆ, ರಂಧ್ರದಲ್ಲಿ ಮಸಿ ಕಟ್ಟಿದ್ದರೆ, ಪರಿಣಾಮ ತೇವ ಹಿಡಿದ ದೀಪಾವಳಿ ಪಟಾಕಿಯದೇ: ಒಮ್ಮೆ ಉಸ್ಸೆಂದು ಸುಮ್ಮನಾಗುತ್ತದೆ, ಇನ್ನೊಮ್ಮೆ ತಡವಾಗಿ ಸಿಡಿಯುತ್ತದೆ. ಅಗ್ಗದ ಚಕಮಕಿ ಕೋವಿಗಳಲ್ಲಿ ಉಕ್ಕಿನ ಫಲಕ ಸರಿಯಾಗಿ ಹದಗೊಂಡಿರುವುದಿಲ್ಲ, ಕಿಡಿಯೇ ಏಳುವುದಿಲ್ಲ. ಈ ಬಗೆಯಲ್ಲಿ ಹಣ ಉಳಿಸಲು ಹೋಗುವುದು ನಷ್ಟದ ವ್ಯಾಪಾರ.

ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಬಳಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಅದರಿಂದ ಬೆಳೆದು ಬಂದದ್ದೇ ತಾಮ್ರದ ಕೇಪು. ಕೇಪಿನ ಕೋವಿಯಲ್ಲಿ ಕುದುರೆ ಬದಿಯಲ್ಲೇ ಇದ್ದರೂ, ಮೊಲೆತೊಟ್ಟಿನಂತಹ ನಿಪ್ಪಲ್ ಮೇಲೆ ಕೂರಿಸಿದ 11ನೇ ನಂಬರಿನ ಕೇಪು ಒಂದೇ ಪೆಟ್ಟಿಗೆ ಬಿಸಿ ಉರಿಯನ್ನು ಒಳಕ್ಕೆ ಕಳುಹಿಸುತ್ತದೆ. ಗಾಳಿಗೆ ಹಾರುವ ಮದ್ದು ಇಲ್ಲ, ಮುಖದ ಮುಂದಿನ ಉರಿ ಕಡಿಮೆ, ಮಳೆಯನ್ನು ಒಂದಿಷ್ಟು ತಾಳಿಕೊಳ್ಳುತ್ತದೆ. ಸೇಂಟ್ ಲೂಯಿಸ್‌ನ ಹಾಕನ್ ಸಹೋದರರ ಹೆಸರಿನ, ನಳಿಗೆಯ ಅರ್ಧ ಉದ್ದಕ್ಕೆ ಮಾತ್ರ ಮರದ ಆಸರೆಯಿರುವ ಗಟ್ಟಿ ಕೋವಿ ಈ ವರ್ಗದ ಪ್ರಸಿದ್ಧ ಮಾದರಿ. ಥಾಮ್ಸನ್ ಸೆಂಟರ್ ಕಂಪನಿ 1970ರಲ್ಲಿ ಆ ಹೆಸರಿನಿಂದಲೇ ಹೊರತಂದ ಕೋವಿಗಳು ಈಗಲೂ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ.

ಹಳೆಯದನ್ನು ಕೊಳ್ಳುವುದಾದರೆ ಎರಡು ಪರೀಕ್ಷೆ ಮಾಡಲೇಬೇಕು. ಮೊದಲನೆಯದಾಗಿ, ಕೇಪು ಇಲ್ಲವೆಂದು ಖಚಿತಪಡಿಸಿಕೊಂಡು, ಮದ್ದು ಗಟ್ಟಿಸುವ ಕೋಲನ್ನು ನಳಿಗೆಯೊಳಗೆ ಬಿಟ್ಟು ಅದು ತಳ ಮುಟ್ಟುತ್ತದೆಯೇ ಎಂದು ಹೊರಗಿನಿಂದ ಅಳೆದು ನೋಡಬೇಕು, ಏಕೆಂದರೆ ಹಿಂದಿನ ಮಾಲೀಕನು ತುಂಬಿಟ್ಟ ಈಡು ವರ್ಷಗಟ್ಟಲೆ ಒಳಗೇ ಉಳಿದಿರಬಹುದು. ಎರಡನೆಯದಾಗಿ, ಸಣ್ಣ ಬೆಳಕನ್ನು ಒಳಗಿಳಿಸಿ ತುಕ್ಕಿನ ಗುಳಿಗಳಿವೆಯೇ ನೋಡಬೇಕು. ಹೊರಗಿನ ಹಿತ್ತಾಳೆ ಎಷ್ಟೇ ಹೊಳೆಯುತ್ತಿರಲಿ, ಒಳಗೆ ಗುಳಿಬಿದ್ದ ನಳಿಗೆಯನ್ನು ಕೊಳ್ಳಬಾರದು.

ಇನ್‌ಲೈನ್ ಎಂಬುದು ಬಹುಮಟ್ಟಿಗೆ ಇತ್ತೀಚಿನ ಬಗೆ. ಟೋನಿ ನೈಟ್ 1985ರಲ್ಲಿ ರೂಪಿಸಿದ ಎಂಕೆ-85 ಎಂಬ ಮಾದರಿಯಿಂದ ಅದು ಜನಪ್ರಿಯವಾಯಿತು. ಇಲ್ಲಿ ಪ್ರೈಮರ್ ಮದ್ದಿನ ನೇರ ಹಿಂದೆ, ನಳಿಗೆಯ ರೇಖೆಯಲ್ಲೇ ಕೂರುತ್ತದೆ. ಇಂದಿನ ಮಾದರಿಗಳಲ್ಲಿ ಬಳಸುವ 209 ಪ್ರೈಮರ್ ಕೇಪಿಗಿಂತ ಬಹಳ ಬಿಸಿಯಾದ ಉರಿಯನ್ನು ಕೊಡುತ್ತದೆ, ಹಿಂಬದಿ ಮುಚ್ಚಿಕೊಂಡಿರುವುದರಿಂದ ತೇವ ಒಳಹೋಗುವುದಿಲ್ಲ, ಮತ್ತು ಹಿಂಬದಿಯನ್ನು ಮುಚ್ಚುವ ತಿರುಪಿನ ಬಿರಡೆಯಾದ ಬ್ರೀಚ್ ಪ್ಲಗ್ ಬಿಚ್ಚಿದರೆ ನಳಿಗೆಯನ್ನು ಆರಪಾರ ತೊಳೆಯಬಹುದು. ಸಿವಿಎ, ಟ್ರೆಡಿಷನ್ಸ್ ಮುಂತಾದವರ ಸಾದಾ ಇನ್‌ಲೈನ್ 300 ಡಾಲರ್ ಆಸುಪಾಸಿಗೆ ಸಿಗುತ್ತದೆ. ಒಳ್ಳೆಯ ಚಕಮಕಿ ಕೋವಿಗೆ ಅದರ ಮೂರು ಪಟ್ಟು ಅಥವಾ ಇನ್ನೂ ಹೆಚ್ಚು ಕೊಡಬೇಕಾಗಬಹುದು. ಹಳೆಯದು ದುಬಾರಿ, ಹೊಸದು ಅಗ್ಗ ಎಂಬ ಈ ತಿರುವುಮುರುವು ಹೊಸಬರಿಗೆ ವಿಚಿತ್ರವೆನಿಸುತ್ತದೆ.

ಮದ್ದು

ನಿಜವಾದ ಕರಿಮದ್ದು ಎಂದರೆ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಇದು ಬೇಗ ಹೊತ್ತಿಕೊಳ್ಳುತ್ತದೆ. ಆದ್ದರಿಂದಲೇ ಚಕಮಕಿ ಕೋವಿಗೆ ಇದನ್ನು ಬಿಟ್ಟರೆ ಬೇರೆ ಮದ್ದು ಒಗ್ಗುವುದಿಲ್ಲ. ಅದೇ ಗುಣದಿಂದಾಗಿ ಕಾನೂನು ಇದನ್ನು ಸ್ಫೋಟಕವೆಂದು ಪರಿಗಣಿಸುತ್ತದೆ, ಅನೇಕ ಅಂಗಡಿಗಳು ದಾಸ್ತಾನು ಇಡುವುದೇ ಇಲ್ಲ. ಚಕಮಕಿಯನ್ನು ಆರಿಸುವವರು ತಮ್ಮ ಊರಿನ ಸುತ್ತ ಕರಿಮದ್ದು ಎಲ್ಲಿ ಸಿಗುತ್ತದೆ ಎಂಬುದನ್ನು ಕೋವಿಗಿಂತ ಮೊದಲು ವಿಚಾರಿಸಬೇಕು. ಕಾಳಿನ ಗಾತ್ರ ಸೂಚಿಸಲು ಡಬ್ಬಿಯ ಮೇಲೆ ಎಫ್ ಅಕ್ಷರಗಳಿರುತ್ತವೆ: ಎರಡು ಎಫ್ ಇದ್ದರೆ ದಪ್ಪ ಕಾಳು, 50 ಕ್ಯಾಲಿಬರ್ ಮತ್ತು ಮೇಲಿನದಕ್ಕೆ, ಮೂರು ಎಫ್ ಇದ್ದರೆ ಸಣ್ಣ ಕ್ಯಾಲಿಬರ್‌ಗೆ, ನಾಲ್ಕು ಎಫ್‌ನ ನಯವಾದ ಮದ್ದು ಚಕಮಕಿಯ ಬಟ್ಟಲಿಗೆ ಮಾತ್ರ.

ಬದಲಿ ಮದ್ದುಗಳಲ್ಲಿ ಪೈರೊಡೆಕ್ಸ್ ಕೇಪಿನ ಕೋವಿಯಲ್ಲೂ ಚೆನ್ನಾಗಿ ನಡೆಯುತ್ತದೆ. ಟ್ರಿಪಲ್ ಸೆವೆನ್ ಅದೇ ಅಳತೆಗೆ ಸುಮಾರು 15 ಶೇಕಡಾ ಹೆಚ್ಚು ಬಲ ಕೊಡುವುದರಿಂದ ಅಷ್ಟು ಕಡಿಮೆ ಹಾಕಬೇಕು. ಬ್ಲ್ಯಾಕ್‌ಹಾರ್ನ್ 209 ಎಂಬುದು ಬಹಳ ಸ್ವಚ್ಛವಾಗಿ ಉರಿಯುತ್ತದೆ, ಆದರೆ ಹೆಸರೇ ಹೇಳುವಂತೆ 209 ಪ್ರೈಮರ್ ಮತ್ತು ಅದಕ್ಕೆ ಹೊಂದುವ ಬ್ರೀಚ್ ಪ್ಲಗ್ ಇಲ್ಲದೆ ಹೊತ್ತುವುದಿಲ್ಲ. ಕೇಪಿನ ಕೋವಿಗೆ ಅದನ್ನು ತರುವುದು ವ್ಯರ್ಥ. ಗುಳಿಗೆಯ ರೂಪದ ಮದ್ದು ಅಳೆಯುವ ತಾಪತ್ರಯ ತಪ್ಪಿಸುತ್ತದೆ. ಪೈರೊಡೆಕ್ಸ್ ಗುಳಿಗೆಯ ಒಂದು ತುದಿ ಹೆಚ್ಚು ಕಪ್ಪಾಗಿರುತ್ತದೆ, ಆ ತುದಿ ಪ್ರೈಮರ್ ಕಡೆಗಿರಬೇಕು.

ಈ ಮದ್ದುಗಳನ್ನು ತೂಕದಿಂದಲ್ಲ, ಕರಿಮದ್ದಿನ ಲೆಕ್ಕದ ಅಳತೆ ಕೊಳವೆಯಿಂದ ಹಾಕುವುದು ರೂಢಿ. 50 ಕ್ಯಾಲಿಬರ್‌ನ ಉಂಡೆಗುಂಡಿಗೆ 70ರಿಂದ 90 ಗ್ರೇನ್, ಅಂದರೆ ಸುಮಾರು ನಾಲ್ಕೂವರೆಯಿಂದ ಆರು ಗ್ರಾಂ ಸಾಕು. ಇನ್‌ಲೈನ್‌ಗೆ 80ರಿಂದ 100 ಗ್ರೇನ್. ಮೂರು ಗುಳಿಗೆ ಹಾಕಿ 150 ಗ್ರೇನ್‌ವರೆಗೆ ಹೋಗಬಹುದೆಂದು ಕೆಲವು ಕೋವಿಗಳ ಕೈಪಿಡಿ ಹೇಳುತ್ತದೆ. ಅದರಿಂದ ಭುಜಕ್ಕೆ ಒದೆತ ಹೆಚ್ಚುವಷ್ಟು ಬೇಟೆಗೆ ಲಾಭ ಹೆಚ್ಚುವುದಿಲ್ಲ. ಅದು ಜಾಹೀರಾತಿನ ಉತ್ಸಾಹವೆಂದೇ ನಾನು ತಿಳಿಯುತ್ತೇನೆ. ಕೈಪಿಡಿಯ ಮಿತಿಯನ್ನು ಯಾವ ಕಾರಣಕ್ಕೂ ಮೀರಬಾರದು. ಆಧುನಿಕ ತೋಟಾಗಳಲ್ಲಿ ಇರುವ ಹೊಗೆರಹಿತ ಮದ್ದನ್ನು ಕರಿಮದ್ದಿನ ಕೋವಿಗೆ ಎಂದಿಗೂ ಹಾಕಬಾರದು, ಚಿಟಿಕೆಯಷ್ಟೂ ಬೆರೆಸಬಾರದು. ನಳಿಗೆ ಒಡೆದು ಬೆರಳು, ಕಣ್ಣು ಹೋಗುತ್ತವೆ.

ಗುಂಡು ಮತ್ತು ತಿರುವು

ನಳಿಗೆಯೊಳಗಿನ ಸುರುಳಿಗೆರೆ ಎಷ್ಟು ಅಂಗುಲಕ್ಕೆ ಒಂದು ಸುತ್ತು ಬರುತ್ತದೆ ಎಂಬುದನ್ನು ಕೊಳ್ಳುವವರು ಕೇಳುವುದೇ ಕಡಿಮೆ. ಆದರೆ ಯಾವ ಗುಂಡು ನೆಟ್ಟಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಅದೇ. 60ರಿಂದ 66 ಅಂಗುಲಕ್ಕೆ ಒಂದು ಸುತ್ತಿನ ನಿಧಾನ ತಿರುವು, ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ತುಂಬುವ ಸೀಸದ ಉಂಡೆಗೆ ಹೇಳಿ ಮಾಡಿಸಿದ್ದು. 28 ಅಂಗುಲಕ್ಕೆ ಒಂದು ಸುತ್ತಿನ ವೇಗದ ತಿರುವು ಉದ್ದನೆಯ ಗುಂಡಿಗೆ, ಮುಖ್ಯವಾಗಿ ಸ್ಯಾಬೊದಲ್ಲಿ ಕೂರಿಸಿದ ಗುಂಡಿಗೆ ಬೇಕು. ಹಾಕನ್ ಮಾದರಿಯ ಹಲವು ಕೋವಿಗಳಲ್ಲಿ ಇರುವ 48 ಅಂಗುಲದ ತಿರುವು ಇವೆರಡರ ನಡುವಿನ ರಾಜಿ: ಎರಡನ್ನೂ ಸಹಿಸಿಕೊಳ್ಳುತ್ತದೆ, ಎರಡರಲ್ಲೂ ಉತ್ತಮವೆನಿಸುವುದಿಲ್ಲ.

50 ಕ್ಯಾಲಿಬರ್‌ನ ಸೀಸದ ಉಂಡೆಗೆ ಸುಮಾರು 180 ಗ್ರೇನ್ ತೂಕ. ಉಂಡೆಯ ಆಕಾರ ಗಾಳಿಯನ್ನು ಸೀಳಲು ಒಗ್ಗದ್ದು; ಸೆಕೆಂಡಿಗೆ 1,900 ಅಡಿ ವೇಗದಲ್ಲಿ ಹೊರಟರೂ 100 ಗಜ ಮುಟ್ಟುವಷ್ಟರಲ್ಲಿ ಅದರ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಭಾಗ ಸೋರಿಹೋಗಿರುತ್ತದೆ. ಆದ್ದರಿಂದ ಉಂಡೆಯಿಂದ ಜಿಂಕೆಗೆ ಹೊಡೆಯುವ ದೂರವನ್ನು 75 ಗಜದೊಳಗೆ ಇಟ್ಟುಕೊಳ್ಳಬೇಕು. ಇನ್‌ಲೈನ್‌ನಲ್ಲಿ ಸ್ಯಾಬೊ ತೊಟ್ಟ 250 ಗ್ರೇನ್ ಗುಂಡನ್ನು 100 ಗಜಕ್ಕೆ ಗುರಿ ಹೊಂದಿಸಿದರೆ 150 ಗಜದಲ್ಲಿ ಅದು ಸುಮಾರು ಅರ್ಧ ಅಡಿ ಕೆಳಗೆ ಬೀಳುತ್ತದೆ, ಅದರಾಚೆಗೆ ಕುಸಿತ ಬಹಳ ಬೇಗ ಹೆಚ್ಚುತ್ತದೆ. ಕೋವಿಯ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ನಿಮ್ಮ ಮಿತಿಯನ್ನು ನಿಗದಿಪಡಿಸಬೇಕಾದವರು ನೀವೇ. ಬೆಂಚಿನ ಆಸರೆಯಿಲ್ಲದೆ, ಕಾಡಿನಲ್ಲಿ ಕೂರುವಂತೆಯೇ ಕೂತು, ಎಂಟು ಅಂಗುಲದ ವೃತ್ತದೊಳಗೆ ಎಲ್ಲ ಗುಂಡುಗಳನ್ನೂ ಇಡಬಲ್ಲ ದೂರವೇ ನಿಮ್ಮ ದೂರ, ಏಕೆಂದರೆ ಬಿಳಿಬಾಲದ ಜಿಂಕೆಯ ಎದೆಗೂಡಿನಲ್ಲಿ ಹೃದಯ ಮತ್ತು ಶ್ವಾಸಕೋಶವಿರುವ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಯಾರಿಗೆ ಯಾವುದು

ವರ್ಷಕ್ಕೆ ಕೆಲವೇ ವಾರಾಂತ್ಯ ಬಿಡುವು ಸಿಗುವ, ಮೊದಲ ಬಾರಿಗೆ ಈ ಬಗೆಯ ಬೇಟೆಗೆ ಹೊರಟವರಿಗೆ, ಅವರ ರಾಜ್ಯದ ನಿಯಮ ಒಪ್ಪುವುದಾದರೆ, 50 ಕ್ಯಾಲಿಬರ್‌ನ ಸಾದಾ ಇನ್‌ಲೈನ್ ಕೊಳ್ಳಿ ಎಂದೇ ಹೇಳುತ್ತೇನೆ. ಅದರಲ್ಲಿ ಹುಸಿಹೋಗುವ ಈಡು ಕಡಿಮೆ; ಗಾಯಗೊಂಡು ತಪ್ಪಿಸಿಕೊಳ್ಳುವ ಪ್ರಾಣಿಯೂ ಕಡಿಮೆ. ಅದರ ಮೇಲೆ ಕೃತಕತೆಯ ಆರೋಪ ಹೊರಿಸುವ ಸಂಪ್ರದಾಯವಾದಿಗಳ ವಾದದಲ್ಲಿ ಸ್ವಲ್ಪ ಹುರುಳಿದೆಯಾದರೂ, ಜಿಂಕೆಯ ದೃಷ್ಟಿಯಿಂದ ಬೇಗ ಸಾಯುವುದೇ ಮುಖ್ಯ. ಪೂರ್ವದ ದಟ್ಟ ಕಾಡಿನಲ್ಲಿ, 60 ಗಜಕ್ಕಿಂತ ಆಚೆ ಏನೂ ಕಾಣದ ಕಡೆ ಬೇಟೆಯಾಡುವವರಿಗೆ ಇನ್‌ಲೈನ್‌ನ ದೂರದ ಬಲ ಉಪಯೋಗಕ್ಕೇ ಬರುವುದಿಲ್ಲ. ಅಂತಹವರಿಗೆ, ಬೇಸಿಗೆಯಿಡೀ ಅಭ್ಯಾಸ ಮಾಡುವ ತಾಳ್ಮೆಯಿದ್ದರೆ, ನಿಧಾನ ತಿರುವಿನ ಕೇಪಿನ ಕೋವಿ ನನಗೆ ಹೆಚ್ಚು ಇಷ್ಟವಾದ ಆಯ್ಕೆ. ಗುಂಡು, ಕೇಪು, ಬಟ್ಟೆ ಎಲ್ಲವೂ ಅಗ್ಗವಾದ್ದರಿಂದ ಅಭ್ಯಾಸ ಹೆಚ್ಚು ನಡೆಯುತ್ತದೆ. ಐಡಾಹೋದಂತಹ ಬಿಗಿ ನಿಯಮದ ರಾಜ್ಯಗಳಿಗೂ ಅದು ಸಲ್ಲುತ್ತದೆ. ಚಕಮಕಿಯನ್ನು ಪೆನ್ಸಿಲ್ವೇನಿಯಾದ ಚಳಿಗಾಲದ ಅವಧಿ ಬೇಕೆನ್ನುವವರು, ಇಲ್ಲವೇ ಆ ಕೋವಿಯ ಮೇಲೆ ನಿಜವಾದ ಪ್ರೀತಿ ಇರುವವರು ಮಾತ್ರ ಆರಿಸಿಕೊಳ್ಳಲಿ.

ತುಂಬುವ ಕ್ರಮ, ಕಾಡಿನ ಎಚ್ಚರ

ನಳಿಗೆಯೊಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ, ಕೇಪಿನ ಕೋವಿಯಾದರೆ ಖಾಲಿ ನಳಿಗೆಯ ಮೇಲೆ ಒಂದೆರಡು ಕೇಪು ಸಿಡಿಸಿ ದಾರಿಯನ್ನು ಒಣಗಿಸಿಕೊಳ್ಳಬೇಕು. ಮದ್ದನ್ನು ಡಬ್ಬಿಯಿಂದ ನೇರವಾಗಿ ಸುರಿಯದೆ ಅಳತೆ ಕೊಳವೆಯ ಮೂಲಕವೇ ಹಾಕಬೇಕು. ಒಳಗೆ ಕೆಂಡದ ಚೂರು ಉಳಿದಿದ್ದರೆ ಕೈಯಲ್ಲಿನ ಇಡೀ ಡಬ್ಬಿಯೇ ಹೊತ್ತಿಕೊಳ್ಳುತ್ತದೆ. ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂರಬೇಕು. ನಡುವೆ ಜಾಗ ಉಳಿದರೆ ನಳಿಗೆ ಉಬ್ಬುವ ಅಥವಾ ಬಿರಿಯುವ ಅಪಾಯವಿದೆ. ಇದಕ್ಕಾಗಿ ಗಟ್ಟಿಸುವ ಕೋಲಿನ ಮೇಲೆ ಎರಡು ಗೆರೆ ಕೊರೆದಿಡಬೇಕು: ಖಾಲಿ ನಳಿಗೆಗೆ ಒಂದು, ಸರಿಯಾಗಿ ತುಂಬಿದ ನಳಿಗೆಗೆ ಇನ್ನೊಂದು. ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ 1863ರ ಕದನದ ನಂತರ ಆಯ್ದು ತಂದ ಕೋವಿಗಳಲ್ಲಿ ಬಹಳಷ್ಟು ಒಂದರ ಮೇಲೊಂದು ಈಡು ತುಂಬಿದ್ದವು. ಗಾಬರಿಯಲ್ಲಿ ಸೈನಿಕನೇ ಮರೆಯುವುದಾದರೆ, ಜಿಂಕೆ ಕಂಡ ಬೇಟೆಗಾರ ಮರೆಯದಿರುತ್ತಾನೆಯೇ? ಕೇಪು, ಪ್ರೈಮರ್ ಅಥವಾ ಬಟ್ಟಲಿನ ಮದ್ದು ಯಾವಾಗಲೂ ಕೊನೆಯದು, ಅದೂ ಕೂರುವ ಜಾಗ ತಲುಪಿದ ಮೇಲೆ.

ಟ್ರಿಗರ್ ಎಳೆದರೂ ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ದಿಕ್ಕಿನಲ್ಲೇ ಹಿಡಿದು ಒಂದು ನಿಮಿಷ ಕಾಯಬೇಕು. ಈಡು ಹಾರಿದರೆ ದಟ್ಟ ಬಿಳಿ ಹೊಗೆ ಮುಂದಿನದೆಲ್ಲವನ್ನೂ ಮುಚ್ಚುತ್ತದೆ. ಆದ್ದರಿಂದ ಹೊಡೆಯುವ ಮುನ್ನವೇ ಜಿಂಕೆ ನಿಂತ ಜಾಗದ ಪಕ್ಕದ ಮರವನ್ನೋ ಬಂಡೆಯನ್ನೋ ಗುರುತು ಹಿಡಿದು, ಹೊಡೆದ ಮೇಲೆ ಓಡಿದ ಸದ್ದು ಯಾವ ಕಡೆ ಹೋಯಿತೆಂದು ಕಿವಿಗೊಟ್ಟು ಕೇಳಬೇಕು. ಮೊದಲು ಕೋವಿಯನ್ನು ಮತ್ತೆ ತುಂಬಿಕೊಂಡು, ಸುಮಾರು ಅರ್ಧ ಗಂಟೆ ಕಾದು, ಆಮೇಲೆ ಗುರುತಿನ ಜಾಗದಲ್ಲಿ ಕೂದಲು, ರಕ್ತದ ಕಲೆಗಳನ್ನು ಹುಡುಕಬೇಕು. ತುಂಬಿದ ಕೋವಿಯನ್ನು ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದರೆ ನಳಿಗೆಯೊಳಗೆ ನೀರು ಕಟ್ಟಿ ಮದ್ದು ಹಾಳಾಗುತ್ತದೆ. ಕೇಪು ತೆಗೆದು, ಸ್ಥಳೀಯ ನಿಯಮ ಒಪ್ಪುವಂತಿದ್ದರೆ, ಹೊರಗಿನ ಚಳಿಯಲ್ಲೇ ಬೀಗದ ಪೆಟ್ಟಿಗೆಯಲ್ಲಿ ಇಡುವುದು ಲೇಸು.

ತೊಳೆಯುವುದು

ಕರಿಮದ್ದು ಮತ್ತು ಪೈರೊಡೆಕ್ಸ್ ಬಿಡುವ ಮಸಿ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಷ್ಟೇ ದಣಿದಿದ್ದರೂ ಅದೇ ರಾತ್ರಿ ಬಿಸಿ ಸಾಬೂನು ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಸವರಬೇಕು. ಮರುದಿನ ಒಂದು ಬಿಳಿ ಬಟ್ಟೆ ಒಳಗಾಡಿಸಿ ತುಕ್ಕಿನ ಬಣ್ಣ ಬಂದರೆ ಮತ್ತೊಮ್ಮೆ ತೊಳೆಯಬೇಕು. ಬ್ಲ್ಯಾಕ್‌ಹಾರ್ನ್ 209ರ ಮಸಿ ನೀರಿಗೆ ಬಿಡುವುದಿಲ್ಲ, ಅದಕ್ಕೆ ಸಾಲ್ವೆಂಟ್ ಬೇಕು. ಇನ್‌ಲೈನ್‌ನ ಬ್ರೀಚ್ ಪ್ಲಗ್ಗಿನ ತಿರುಪಿನ ಎಳೆಗಳಿಗೆ ಪ್ರತಿ ಸಲ ಗ್ರೀಸ್ ಹಚ್ಚದಿದ್ದರೆ ಅದು ಕಚ್ಚಿಕೊಂಡು ಮುಂದಿನ ವರ್ಷ ಬಿಚ್ಚಲು ಬರುವುದಿಲ್ಲ. ಕೇಪಿನ ಕೋವಿಯನ್ನು ಬಾಯಿ ಕೆಳಗಾಗಿಸಿ ಇಟ್ಟರೆ ಹೆಚ್ಚಿನ ಎಣ್ಣೆ ನಿಪ್ಪಲ್‌ನ ಕಡೆಗೆ ಇಳಿದು ಕಟ್ಟಿಕೊಳ್ಳುವುದು ತಪ್ಪುತ್ತದೆ.